ಹ ಇಲ್ಲದ ದನಿ

ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು
12 ಆಗಸ್ಟ್ 2024

ಚಾಮರಾಜನಗರದ ರೂಪಶ್ರೀ ಅವರಿಗೆ, ನಾಗರತ್ನ ಮಾಡುವ ನಮಸ್ಕಾರಗಳು.

ನಿಮ್ಮ ವಿಳಾಸ ಕೊಟ್ಟವರು ಗುಂಡ್ಲುಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಹದೇವಸ್ವಾಮಿ. ನೀವು ಹಾಲಿನ ಡೈರಿಗಳಿಗೆ, ಸ್ಕೂಲುಗಳಿಗೆ ಫೋನಿನಲ್ಲಿ ಓಡುವ ಆಪ್ ಮಾಡಿಕೊಡುತ್ತೀರಂತೆ. ಈ ಕಾಲದಲ್ಲೂ ಕಾಗದ ಬರೆಯುವವಳು ಯಾರಪ್ಪಾ ಎಂದು ನಗಬೇಡಿ. ಫೋನ್ ಮಾಡಿ ಮಾತಾಡೋಣವೆಂದರೆ ನನಗೆ ದನಿಯಿಲ್ಲ. ಮೆಸೇಜು ಹಾಕೋಣವೆಂದರೆ ನಮ್ಮ ಮನೆ ಇರುವುದು ಕಾಡಿನ ಅಂಚಿನಲ್ಲಿ, ಸಿಗ್ನಲ್ ಬೇಕಾದರೆ ಚೆಕ್‌ಪೋಸ್ಟಿನವರೆಗೂ ನಡೆಯಬೇಕು. ಅಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ ಬೆರಳು ಒತ್ತುವುದಕ್ಕಿಂತ ಜಗಲಿಯಲ್ಲಿ ಕೂತು ಬರೆಯುವುದು ನನಗೆ ಹಿತ. ಪೋಸ್ಟಿನವರೂ ಬದುಕಬೇಕಲ್ಲ.

ಎಂಟು ವರ್ಷದ ಹಿಂದೆ ನನ್ನ ಗಂಟಲಿಗೆ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಅದಕ್ಕೂ ಮೊದಲು ಅಂಗನವಾಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಬಾಯಿ ಎಂದರೆ ಬಾಯಿ. ಮಕ್ಕಳನ್ನು ಕೂಗಿದರೆ ರಸ್ತೆಯಲ್ಲಿ ಹೋಗುವ ಕೇರಳದ ಲಾರಿಯವರು ತಮ್ಮನ್ನೇ ಕರೆದರೆಂದು ಬ್ರೇಕ್ ಹಾಕುತ್ತಿದ್ದರು. ನಮ್ಮ ಯಜಮಾನರು ಮೃತ್ಯುಂಜಯ ಆಗ ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಆಪರೇಷನ್ ದಿನ ಗೊತ್ತಾದ ಮೇಲೆ ನನ್ನನ್ನು ಎದುರು ಕೂರಿಸಿಕೊಂಡು, ಇನ್ನು ಯಾವ ಯಾವ ಮಾತು ನನಗೆ ಬೇಕಾದೀತೋ ಅದನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಅದಕ್ಕೆಂದೇ ಒಂದು ಪ್ರೋಗ್ರಾಂ ಬರೆದರು. ಮನೆಯ ಕಂಪ್ಯೂಟರಿನಲ್ಲಿ ನಾನು ಒಂದು ಪದ ಬರೆದರೆ ಸಾಕು, ಅದು ನನ್ನದೇ ದನಿಯಲ್ಲಿ ಆ ಪದವನ್ನು ಆಡುತ್ತದೆ. ಎಂಟು ವರ್ಷದಿಂದ ನಾನು ಸಂಸಾರ ಮಾಡಿರುವುದು ಹಾಗೆ.

ಈಗ ಆ ಕಂಪ್ಯೂಟರಿಗೆ ವಯಸ್ಸಾಯಿತು. ಬೆಳಿಗ್ಗೆ ಎದ್ದು ಅದರ ಗುಂಡಿ ಒತ್ತುವಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅದು ನಿಂತ ದಿನ ನಾನು ಎರಡನೆಯ ಸಲ ಮೂಕಿ ಆಗುತ್ತೇನೆ. ಒಂದು ಸಲ ಆದದ್ದು ಸಾಕು. ಪ್ರೋಗ್ರಾಮನ್ನೂ ರೆಕಾರ್ಡಿಂಗುಗಳನ್ನೂ ಪೆನ್‌ಡ್ರೈವಿನಲ್ಲಿ ಇಟ್ಟು ಕಳಿಸಿದ್ದೇನೆ. ಅದು ಫೋನಿನಲ್ಲಿ ಓಡುವ ಹಾಗೆ ಮಾಡಿಕೊಡಿ. ನಿಮ್ಮದು ಪೇಟೆಯ ಕಿವಿ, ನನ್ನ ಮಾತು ಒರಟು ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾಗರತ್ನ


ಚಾಮರಾಜನಗರ
26 ಆಗಸ್ಟ್ 2024

ನಾಗರತ್ನ ಮೇಡಂ ಅವರಿಗೆ ನಮಸ್ಕಾರ.

ಪೆನ್‌ಡ್ರೈವ್ ತಲುಪಿತು. ಕೈಯಲ್ಲಿ ಕಾಗದ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಹಳೆಯ ಪ್ರೋಗ್ರಾಮನ್ನು ಫೋನಿಗೆ ತರುವುದೆಂದರೆ ಗಾಡಿಯ ನೊಗವನ್ನು ಟ್ರ್ಯಾಕ್ಟರಿಗೆ ಕಟ್ಟಿದ ಹಾಗೆ. ಎರಡೂ ಗಟ್ಟಿಯಾದವೇ, ಒಂದಕ್ಕೊಂದು ಕೂರುವುದಿಲ್ಲ. ಮೊದಲ ದಿನ ಆಪ್ ತೆರೆದರೆ ತೆರೆದಷ್ಟೇ ಬೇಗ ಮುಚ್ಚಿಕೊಂಡಿತು. ನೋಡಿದರೆ ಸರ್ ತಮ್ಮ ಪ್ರೋಗ್ರಾಮಿಗೆ ‘ಡಿ ಡ್ರೈವಿನಲ್ಲಿ ಹುಡುಕು’ ಎಂದು ಹೇಳಿಟ್ಟಿದ್ದಾರೆ. ಫೋನಿಗೆ ಡಿ ಡ್ರೈವ್ ಎನ್ನುವ ಊರೇ ಗೊತ್ತಿಲ್ಲ. ಅದನ್ನು ಸರಿಮಾಡಿದೆ. ಆಮೇಲೆ ಅಕ್ಷರಗಳ ರಗಳೆ. ಅದು ಹಳೆಯ ಫಾಂಟಿನ ಕಾಲದ್ದು, ಒಂದೊಂದು ಅಕ್ಷರಕ್ಕೂ ಆಗ ಇದ್ದ ಸಂಖ್ಯೆಯೇ ಬೇರೆ, ಈಗಿನ ಫೋನಿನಲ್ಲಿ ಇರುವುದೇ ಬೇರೆ. ನೀವು ಬರೆದ ಪದದ ಅಕ್ಷರಗಳಿಂದ ಪ್ರೋಗ್ರಾಂ ಒಂದು ಸಂಖ್ಯೆ ಕಟ್ಟುತ್ತದೆ, ಆ ಸಂಖ್ಯೆಯ ಹೆಸರಿನ ರೆಕಾರ್ಡಿಂಗನ್ನು ಹುಡುಕಿ ಕೇಳಿಸುತ್ತದೆ. ಹಾಗಾಗಿ ಒಂದು ಅಕ್ಷರ ತಪ್ಪಿದರೂ ದನಿ ಸಿಗುವುದಿಲ್ಲ. ಹಳೆಯ ಸಂಖ್ಯೆಗೂ ಹೊಸದಕ್ಕೂ ಗಂಟು ಹಾಕುವುದರಲ್ಲಿ ವಾರ ಹೋಯಿತು.

ಅಲ್ಲಲ್ಲಿ ಕಸವನ್ನೂ ಗುಡಿಸಿದ್ದೇನೆ. ಬೇಡದ ಬಣ್ಣ, ಪ್ರಿಂಟರಿನ ಸಾಲುಗಳು, ಹೀಗೆ. ಒಂದು ಕಡೆ ‘ಪದದ ಮೊದಲು ಹ ಬಂದರೆ ಅದನ್ನು ಬಿಟ್ಟು ಬರೀ ಸ್ವರ ಹಿಡಿ’ ಎಂದು ಬರೆದಿದ್ದರು. ಹಳೆಯ ಫಾಂಟಿನಲ್ಲಿ ಹ ಸರಿಯಾಗಿ ಮೂಡುತ್ತಿರಲಿಲ್ಲವೇನೋ, ಅದಕ್ಕೆ ಹಾಕಿದ ತೇಪೆ ಇರಬೇಕು. ಹೊಸ ಫೋನಿಗೆ ಅದರ ಅಗತ್ಯವಿಲ್ಲ, ತೆಗೆದೆ. ಸರ್‌ಗೆ ತಿಳಿಸಿ, ಅವರ ಕೋಡ್ ಬಹಳ ಅಚ್ಚುಕಟ್ಟು, ನನಗೆ ಗೌರವ ಬಂತು.

ಮೊದಲು ಕೇಳಿಸಿದ ಮಾತು ‘ಮಳೆ’. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ, ಹೊರಗೆ ಸುಡುಬಿಸಿಲು. ಆದರೂ ಕಿಟಕಿಯ ಕಡೆ ತಿರುಗಿ ನೋಡಿದೆ. ಯಾರೋ ಹೇಳಿದರಲ್ಲ ಎಂದು. ನಿಮ್ಮ ಮಾತು ಒರಟೇನಲ್ಲ ಮೇಡಂ. ಆಪನ್ನು ಮಹದೇವಸ್ವಾಮಿ ಅವರಿಗೆ ಕಳಿಸಿದ್ದೇನೆ, ನಿಮ್ಮ ಫೋನಿಗೆ ಹಾಕಿಕೊಡುತ್ತಾರೆ.

ರೂಪಶ್ರೀ


ಮದ್ದೂರು
9 ಸೆಪ್ಟೆಂಬರ್ 2024

ರೂಪಶ್ರೀ ಅವರೇ,

ಫೋನ್ ಹಿಡಿದು ಮನೆಯೆಲ್ಲ ಓಡಾಡಿದೆ. ಇಷ್ಟು ವರ್ಷ ಮಾತಾಡಬೇಕೆಂದರೆ ನಡುಮನೆಯ ಮೂಲೆಗೆ ಹೋಗಿ ಕುರ್ಚಿಯಲ್ಲಿ ಕೂರಬೇಕಾಗಿತ್ತು. ಈಗ ಒಲೆಯ ಮುಂದೆ ನಿಂತು ‘ಬೆಲ್ಲ’ ಎಂದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ‘ಬಾ’ ಎಂದೆ. ಎಮ್ಮೆಗೆ ನಾನು ಮಾತಾಡುವವಳೆಂದೇ ಗೊತ್ತಿರಲಿಲ್ಲ ಪಾಪ, ಮೇವು ಬಿಟ್ಟು ನೋಡಿತು.

ಆದರೆ ಒಂದು ತೊಡಕು. ಹ ದಿಂದ ಶುರುವಾಗುವ ಮಾತು ಒಂದೂ ಬರುತ್ತಿಲ್ಲ. ‘ಹಾಲು’ ಎಂದು ಬರೆದರೆ ‘ಸಿಗಲಿಲ್ಲ’ ಎಂದು ತೋರಿಸುತ್ತದೆ. ‘ಹೂವು’ ಸಿಗಲಿಲ್ಲ. ‘ಹುಷಾರು’ ಸಿಗಲಿಲ್ಲ. ಸುತ್ತಮುತ್ತ ಚೆಂಡು ಹೂವಿನ ಹೊಲ ಇಟ್ಟುಕೊಂಡು ಹೂವು ಎನ್ನಲಾರದೆ ಕೂತಿದ್ದೇನೆ. ಅದೇ ಹಳೆಯ ಕಂಪ್ಯೂಟರಿನಲ್ಲಿ ಬರೆದರೆ ಎಲ್ಲವೂ ಬರುತ್ತವೆ. ಯಜಮಾನರನ್ನು ಕೇಳೋಣವೆಂದರೆ ಅವರಿಗೆ ಈಚೆಗೆ ಪುರುಸೊತ್ತಿಲ್ಲ. ನೀವೇ ನೋಡಿ.

ನಿಮಗೊಂದು ವಿಷಯ ಹೇಳುತ್ತೇನೆ, ನಗಬೇಡಿ. ಕನಸಿನಲ್ಲಿ ನಾನು ದಿನಾ ಮಾತಾಡುತ್ತೇನೆ. ದೊಡ್ಡ ಮಾತೇನಲ್ಲ, ಕೊತ್ತಂಬರಿ ಬಾಡಿದೆ, ಬಾಗಿಲು ಮುಂದಕ್ಕೆ ಹಾಕಿ, ಇಂಥವೇ. ಎದ್ದಾಗ ಗಂಟಲು ದಣಿದಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಮಲಗಿರುತ್ತೇನೆ, ಅದು ಹೋಗದಿರಲಿ ಎಂದು.

ನಾಗರತ್ನ


ಚಾಮರಾಜನಗರ
20 ಸೆಪ್ಟೆಂಬರ್ 2024

ನಾಗರತ್ನಕ್ಕ,

ಹೀಗೆ ಕರೆಯಬಹುದಲ್ಲವೇ? ಬೆಳಿಗ್ಗೆಯಿಂದ ಸಂಜೆವರೆಗೆ ನಿಮ್ಮ ದನಿಯ ಜೊತೆಗೇ ಇರುವವಳು ಮೇಡಂ ಮೇಡಂ ಎನ್ನಲು ನಾಲಿಗೆ ಬರುತ್ತಿಲ್ಲ.

ಹ ನನ್ನ ತಲೆ ತಿನ್ನುತ್ತಿದೆ. ರೆಕಾರ್ಡಿಂಗುಗಳು ಕಳೆದಿಲ್ಲ. ಸಾವಿರಗಟ್ಟಲೆ ಇರುವುದನ್ನು ಅಲ್ಲೊಂದು ಇಲ್ಲೊಂದು ತೆಗೆದು ಕೇಳಿದೆ, ಹಾಲು ಇದೆ, ಹೂವು ಇದೆ, ಹೋಗಿ ಬನ್ನಿ ಇದೆ, ಎಲ್ಲ ನನ್ನ ಕಿವಿಯಿಂದಲೇ ಕೇಳಿದ್ದೇನೆ. ಆದರೆ ಪದ ಬರೆದರೆ ಪ್ರೋಗ್ರಾಂ ಅದರ ಹತ್ತಿರಕ್ಕೇ ಹೋಗುವುದಿಲ್ಲ. ಹ ಅಕ್ಷರದ ಸಂಖ್ಯೆಯನ್ನು ಮತ್ತೆ ಮತ್ತೆ ತಾಳೆ ನೋಡಿದೆ, ಸರಿಯಾಗಿದೆ. ಬೇರೆ ಫೋನಿನಲ್ಲಿ ಹಾಕಿ ನೋಡಿದೆ, ಅಲ್ಲೂ ಇದೇ ಹಣೆಬರಹ. ಒಂದೊಂದನ್ನೇ ಕೇಳಿ ಕೈಯಲ್ಲೇ ಹೆಸರು ಕಟ್ಟಬಹುದು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಡುವೆ ಒಂದು ತಮಾಷೆ ನಡೆಯಿತು. ಸಂಜೆ ಬಸ್ಸಿನಲ್ಲಿ ಬರುವಾಗ ಬ್ಯಾಗಿನೊಳಗೆ ಏನು ಒತ್ತಿಕೊಂಡಿತೋ, ಫೋನಿನಿಂದ ನಿಮ್ಮ ದನಿ ‘ಇಳೀರ್ಲಾ ಕೆಳಕ್ಕ’ ಎಂದು ಗದರಿತು. ಅಂಗನವಾಡಿಯ ಮಕ್ಕಳು ಮರ ಹತ್ತಿದಾಗಿನ ಮಾತಿರಬೇಕು. ನನ್ನ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ದಡಕ್ಕನೆ ಎದ್ದು, ಊರು ಇನ್ನೂ ದೂರವಿದ್ದರೂ ಇಳಿದೇಬಿಟ್ಟರು. ಬಸ್ಸು ಹೊರಟ ಮೇಲೆ ಕಬ್ಬಿನ ಗದ್ದೆಯ ಪಕ್ಕದಲ್ಲಿ ಅವರು ಒಬ್ಬರೇ ನಿಂತದ್ದು ಕಂಡಿತು. ನನಗೆ ನಗು, ಪಾಪ ಎರಡೂ ಒಟ್ಟಿಗೆ ಬಂತು.

ಈಗ ನೇರವಾಗಿ ಕೇಳುತ್ತೇನೆ, ಬೇಸರ ಬೇಡ. ಈ ಪ್ರೋಗ್ರಾಂ ಬರೆದವರು ಮನೆಯಲ್ಲೇ ಇದ್ದಾರೆ. ಒಂದು ಸಂಜೆ ಕೂತು ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಹೆಂಡತಿಯ ದನಿಯ ವಿಷಯದಲ್ಲಿ ಅಷ್ಟೂ ಪುರುಸೊತ್ತಿಲ್ಲವೇ? ಅವರೇ ಬರೆದ ಸಾಲುಗಳ ಪ್ರಿಂಟ್ ಇಟ್ಟಿದ್ದೇನೆ, ದಯವಿಟ್ಟು ತೋರಿಸಿ.

ನಿಮ್ಮ ರೂಪಶ್ರೀ


ಮದ್ದೂರು
3 ಅಕ್ಟೋಬರ್ 2024

ರೂಪಶ್ರೀ ಅವರಿಗೆ,

ಯಜಮಾನರಿಂದ ಆಗುವುದಿಲ್ಲ. ಅದನ್ನು ಮತ್ತೆ ಕೇಳಬೇಡಿ. ನಿಮ್ಮ ಕೈಯಲ್ಲಿ ಆಗದಿದ್ದರೆ ಪೆನ್‌ಡ್ರೈವನ್ನು ಮಹದೇವಸ್ವಾಮಿ ಅಂಗಡಿಗೆ ತಲುಪಿಸಿಬಿಡಿ.

ಕಂಪ್ಯೂಟರ್ ಮೊನ್ನೆ ನಿಂತುಹೋಯಿತು. ಗುಂಡಿ ಒತ್ತಿದರೆ ಒಳಗೆ ಫ್ಯಾನ್ ಕೂಡ ತಿರುಗುವುದಿಲ್ಲ.

ನಾಗರತ್ನ


ಚಾಮರಾಜನಗರ
9 ಅಕ್ಟೋಬರ್ 2024

ನಾಗರತ್ನಕ್ಕ,

ನಿಮ್ಮ ಮನೆಯ ವಿಷಯದಲ್ಲಿ ನಾಲಿಗೆ ಉದ್ದ ಮಾಡಿದೆ, ತಪ್ಪಾಯಿತು. ಪೆನ್‌ಡ್ರೈವನ್ನು ಮಾತ್ರ ವಾಪಸ್ ಕಳಿಸಲಾರೆ. ಸಿಟ್ಟಿನಿಂದಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ, ಬಂದರೂ ಕನಸಿನಲ್ಲಿ ನೀವೇ ಮಾತಾಡುತ್ತಿರುತ್ತೀರಿ. ನಿಮ್ಮ ಮುಖ ನೋಡಿಲ್ಲವಾದ್ದರಿಂದ ಕನಸಿನಲ್ಲಿ ಬರೀ ದನಿ ಬರುತ್ತದೆ, ಅದು ಯಾವುದೋ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಿರುತ್ತದೆ, ನಾನು ಹಿಂದೆಯೇ ಹೋಗುತ್ತಿರುತ್ತೇನೆ.

ಒಂದೊಂದಾಗಿ ಕೈಯಲ್ಲೇ ಕಟ್ಟಲು ಶುರು ಮಾಡಿದ್ದೇನೆ. ನಿಧಾನವಾಗುತ್ತದೆ. ಒಂದು ಸಾಲು ಬರೆಯಿರಿ ಸಾಕು.

ರೂಪಶ್ರೀ


ಮದ್ದೂರು
14 ನವೆಂಬರ್ 2024

ರೂಪ,

ನಿನಗೆ ಒಂದು ಸಾಲು ಬರೆಯದೆ ಇಷ್ಟು ದಿನ ಸತಾಯಿಸಿದೆ. ನಿನ್ನ ಮೇಲೆ ಸಿಟ್ಟಿತ್ತು ಅಂತಲ್ಲ. ಬರೆದರೆ ಎಲ್ಲ ಬರೆಯಬೇಕಾಗುತ್ತದೆ ಎಂದು ಹೆದರಿಕೆ. ಇವತ್ತು ಬರೆಯುತ್ತೇನೆ.

ಅವರಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿನ ಪ್ರೆಶರ್ ಅಂತೆ, ಮೂರು ವರ್ಷದಿಂದ ಅಂಚಿನಿಂದ ಮುಚ್ಚಿಕೊಳ್ಳುತ್ತಾ ಬಂತು, ಈ ಯುಗಾದಿಯ ಹೊತ್ತಿಗೆ ಪೂರ್ತಿ ಹೋಯಿತು. ಗುಂಡ್ಲುಪೇಟೆಯ ಅರ್ಧ ಊರಿಗೆ ಕಂಪ್ಯೂಟರ್ ಕಲಿಸಿದವರು, ಯಾರಿಗೂ ಗೊತ್ತಾಗಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನೀನು ಕಳಿಸಿದ ಪ್ರಿಂಟನ್ನು ಅವರಿಗೆ ತೋರಿಸುವುದು ಹೇಗೆ? ಬೇರೆಯವರ ಹತ್ತಿರ ಓದಿಸಿದರೆ ಊರಿಗೆಲ್ಲ ತಿಳಿಯುತ್ತದೆ. ನಾನೇ ಕೇಳೋಣವೆಂದರೆ ಕೋಡು, ಸಂಖ್ಯೆ, ಇಂಥ ಮಾತು ನನ್ನ ದನಿಯಲ್ಲಿಲ್ಲ. ಎಂಟು ವರ್ಷದ ಹಿಂದೆ ನಮಗೆ ಬೇಕಾದೀತೆಂದು ಅನ್ನಿಸಿದ್ದು ಉಪ್ಪು, ಸಾರು, ಬಾಗಿಲು, ನೆಂಟರು, ಇವೇ. ಈಗ ತಿಳಿಯಿತಲ್ಲ, ನನಗೆ ಬಾಯಿಲ್ಲ, ಅವರಿಗೆ ಕಣ್ಣಿಲ್ಲ. ನಡುವೆ ಇದ್ದದ್ದು ಆ ಕಂಪ್ಯೂಟರ್ ಒಂದೇ. ಹತ್ತಿರವಿದ್ದರೆ ಅಂಗೈ ಮೇಲೆ ಬೆರಳಿಂದ ಒಂದೆರಡು ಪದ ಬರೆದು ತಿಳಿಸುತ್ತೇನೆ. ದೂರವಿದ್ದರೆ ನಾನು ಇದ್ದೇನೋ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲ.

ದಸರಾ ಕಳೆದು ಒಂದು ಸಂಜೆ ಎಮ್ಮೆ ಹಗ್ಗ ಬಿಚ್ಚಿಕೊಂಡಿತು ಎಂದು ಅವರೇ ಹೊರಟರು. ಹೊಲ ಅವರ ಕಾಲಿಗೆ ಪರಿಚಯ, ಆದರೆ ಅರಣ್ಯದವರು ಆನೆ ಬರದಿರಲೆಂದು ತೋಡಿರುವ ಹಳ್ಳವನ್ನು ಮಳೆಗಾಲದಲ್ಲಿ ಈಚೆಗೆ ಸರಿಸಿ ಅಗಲ ಮಾಡಿದ್ದಾರೆ. ನಾನು ದೂರದಿಂದ ನೋಡುವಾಗ ಅದರ ಅಂಚಿಗೆ ಹೋಗಿಬಿಟ್ಟಿದ್ದರು. ಫೋನ್ ತೆಗೆದು ‘ಹುಷಾರು’ ಎಂದು ಬರೆದೆ. ಸಿಗಲಿಲ್ಲ. ‘ಹಿಂದಕ್ಕೆ’ ಎಂದು ಬರೆದೆ. ಸಿಗಲಿಲ್ಲ. ‘ಹಳ್ಳ’ ಎಂದು ಬರೆಯುವಷ್ಟರಲ್ಲಿ ಅವರು ಇರಲಿಲ್ಲ. ‘ನಿಲ್ಲಿ’ ಎಂದು ಒತ್ತಿದ್ದರೆ ಬರುತ್ತಿತ್ತು ಎಂದು ಆಮೇಲೆ ಹೊಳೆಯಿತು. ಗಾಬರಿಯಲ್ಲಿ ಬಾಯಿಗೆ ಬರುವ ಮಾತೇ ಬೆರಳಿಗೂ ಬರುವುದು. ನೋಡು, ನಮ್ಮಂಥ ಜಾಗದಲ್ಲಿ ಬೇಕಾದ ಮಾತೆಲ್ಲ ಹ. ಹಾವು, ಹುಲಿ, ಹಂದಿ, ಹಳ್ಳ, ಹಿಂದಕ್ಕೆ. ಪುಣ್ಯಕ್ಕೆ ತಳದಲ್ಲಿ ಕೆಸರಿತ್ತು, ಕಾಲು ಉಳುಕಿ ಮೈ ತರಚಿದ್ದಷ್ಟೇ. ಅರಣ್ಯದ ವಾಚರ್ ಮೂಗಯ್ಯ ಬಂದು ಎತ್ತಿದ. ಅವತ್ತಿನಿಂದ ಫೋನನ್ನು ಮನೆಯಿಂದ ಆಚೆ ತಂದಿಲ್ಲ. ನಂಬಿ ಮೋಸ ಹೋದ ಹಾಗಾಗಿದೆ.

ಅವರು ಕಾಲಿನ ನೋವಿಗೆ ಮಲಗಿದ್ದ ದಿನಗಳಲ್ಲಿ ನಿನ್ನ ಪ್ರಶ್ನೆಯನ್ನು ಅಂಗೈ ಮೇಲೆ ಬರೆದೆ, ‘ಹ ಸಿಗುತ್ತಿಲ್ಲ’ ಎಂದು. ಅವರು ನಕ್ಕುಬಿಟ್ಟರು. ‘ನಿಂಗ ಹ ಯಾವತ್ತಿತ್ತು ಕಣಮ್ಮಿ, ಈಗ ಕಳ್ದೋಗಕ?’ ಎಂದರು. ನನಗೆ ಅಳು ಬಂತು. ಕತ್ತಿನ ತೂತಿನಲ್ಲಿ ಉಸಿರಾಡುವವಳನ್ನು ಹೀಗೆ ಆಡಿಕೊಳ್ಳುವುದೇ? ಕೈ ಕೊಸರಿಕೊಂಡು ಎದ್ದು ಬಂದೆ. ಎರಡು ದಿನ ಏನೂ ಬರೆಯಲಿಲ್ಲ. ಅವರು ಅಂಗೈ ಬಿಚ್ಚಿಕೊಂಡೇ ಕೂತಿರುತ್ತಿದ್ದರು.

ಅವರು ಯಾವತ್ತೂ ಅಂಥವರಲ್ಲ. ರೆಕಾರ್ಡ್ ಮಾಡಿದ ದಿನಗಳಲ್ಲಿ ಅವರ ಸ್ನೇಹಿತರೊಬ್ಬರು ಬಂದು, ಶುದ್ಧವಾಗಿ ಹೇಳಿಸಿ, ಇನ್ನು ಇದೇ ಅವರ ದನಿಯಲ್ಲವೇ ಎಂದು ಬುದ್ಧಿ ಹೇಳಿದರು. ನಾನೂ ಪುಸ್ತಕದ ಹಾಗೆ ಓದಿದೆ. ರೇಡಿಯೋದ ವಾರ್ತೆಯ ಹಾಗೆ ಬಂತು. ಯಜಮಾನರು ಅದನ್ನೆಲ್ಲ ಅಳಿಸಿಹಾಕಿ, ‘ನೀ ಎಂಗಾಡ್ತೀಯೋ ಅಂಗೇ ಆಡು, ನಂಗ ನೀನು ಬೇಕು’ ಎಂದಿದ್ದರು. ಅಂಥವರು ಈಗ ಹೀಗೆ ಅಂದರಲ್ಲ ಎಂದೇ ನನಗೆ ನೋವು.

ನಿನ್ನ ಅಕ್ಕ, ನಾಗರತ್ನ


ಹರದನಹಳ್ಳಿ
19 ನವೆಂಬರ್ 2024

ಅಕ್ಕ,

ಕಾಗದದ ಮೇಲೆ ಊರಿನ ಹೆಸರು ನೋಡಿ. ನಾನು ಪೇಟೆಯವಳಲ್ಲ, ಹರದನಹಳ್ಳಿಯವಳು. ಚಾಮರಾಜನಗರದಲ್ಲಿ ಇರುವುದು ನನ್ನ ಕೆಲಸದ ಕೋಣೆ ಮಾತ್ರ. ನೀವು ಪೇಟೆಯ ಕಿವಿ ಎಂದಾಗಲೇ ಹೇಳಬಹುದಾಗಿತ್ತು, ಹೇಳಲಿಲ್ಲ. ಹಾಗೆ ಅನ್ನಿಸಿಕೊಳ್ಳುವುದು ನನಗೆ ಇಷ್ಟವಾಗಿತ್ತು.

ಮೈಸೂರಿನ ಹಾಸ್ಟೆಲಿನಲ್ಲಿ ನಾನು ‘ಆಲು’ ಎಂದರೆ ಹುಡುಗಿಯರು ಆಲೂಗಡ್ಡೆ ತಂದಿಡುತ್ತಿದ್ದರು. ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವವರೆಗೂ ಹ ಹ ಹ ಎಂದು ಅಭ್ಯಾಸ ಮಾಡಿದೆ. ಬಾಯಿ ತಿದ್ದಿಕೊಂಡಿತು, ಅದರ ಹಿಂದೆಯೇ ಕಿವಿಯೂ ತಿದ್ದಿಕೊಂಡುಬಿಟ್ಟಿತು. ಮನೆಯಲ್ಲಿ ನಮ್ಮಜ್ಜಿ ಮಲ್ಲಾಜಮ್ಮ ‘ಆಲು ಕುಡ್ದು ಓಗಮ್ಮಿ’ ಎಂದರೂ ನನಗೆ ಹಾಲು ಕುಡಿದು ಹೋಗು ಎಂದೇ ಕೇಳಿಸುತ್ತದೆ. ನಿಮ್ಮ ರೆಕಾರ್ಡಿಂಗುಗಳೂ ನನಗೆ ಹಾಗೇ ಕೇಳಿಸಿದವು.

ನಿಮ್ಮ ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಸರ್ ಅಂದ ಮಾತು ಬಂದಾಗ ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ‘ದಿಟ ಅಲ್ವಾ ಮತ್ತ, ನಮ್ ಬಾಯಲ್ಲಿ ಅದೆಲ್ಲದು?’ ಎಂದರು. ಆಗ ನನ್ನ ತಲೆಯೊಳಗೆ ದೀಪ ಹತ್ತಿತು.

ಸರ್ ನಿಮ್ಮನ್ನು ಆಡಿಕೊಳ್ಳಲಿಲ್ಲ ಅಕ್ಕ. ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. ನಿಮ್ಮ ಬಾಯಲ್ಲಿ ಹ ಯಾವತ್ತೂ ಇರಲಿಲ್ಲ. ಬರೆಯುವಾಗ ನೀವು ಹಾಲು ಎಂದು ಬರೆಯುತ್ತೀರಿ, ಆಡುವಾಗ ಆಲು ಎನ್ನುತ್ತಿದ್ದಿರಿ. ಅವರು ರೆಕಾರ್ಡಿಂಗಿಗೆ ಹೆಸರು ಇಟ್ಟದ್ದು ನೀವು ಆಡಿದ ಹಾಗೆ, ಹ ಬಿಟ್ಟು. ನೀವು ಬರೆದದ್ದಕ್ಕೂ ಆಡಿದ್ದಕ್ಕೂ ನಡುವೆ ಸೇತುವೆಯಾಗಿ ಒಂದೇ ಒಂದು ಸಾಲು ಬರೆದಿದ್ದರು, ಮೊದಲು ಹ ಬಂದರೆ ಅದನ್ನು ಬಿಟ್ಟು ಬರೀ ಸ್ವರ ಹಿಡಿ ಎಂದು. ನಾನು ತೇಪೆ ಎಂದುಕೊಂಡು ಕಿತ್ತು ಬಿಸಾಡಿದ್ದು ಅದನ್ನೇ. ಕಸ ಗುಡಿಸಿದೆ ಎಂದು ಜಂಬದಿಂದ ಬರೆದೂ ಇದ್ದೆ. ತಪ್ಪಿದ್ದದ್ದು ಫಾಂಟಿನಲ್ಲೂ ಅಲ್ಲ, ಫೋನಿನಲ್ಲೂ ಅಲ್ಲ. ಸರ್ ಹಳ್ಳಕ್ಕೆ ಬಿದ್ದದ್ದು ನನ್ನಿಂದ.

ಆ ಸಾಲನ್ನು ಇದ್ದಲ್ಲೇ ಇಟ್ಟೆ. ‘ಹೂವು’ ಎಂದು ಬರೆದೆ. ‘ಊವು’ ಎಂದಿರಿ. ಅಜ್ಜಿ ಒಳಗಿನಿಂದ, ಬಾಗಿಲಿಗೆ ಹೂವಿನವಳು ಬಂದಿದ್ದಾಳೆ ನೋಡು ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಇಷ್ಟು ತಿಂಗಳು ನಿಮ್ಮ ದನಿ ಕೇಳಿದ್ದೇನೆ ಎಂದುಕೊಂಡಿದ್ದೆ, ಸರಿಯಾಗಿ ಕೇಳಿದ್ದು ಅವತ್ತೇ.

ಹೊಸ ಆಪ್ ಮಹದೇವಸ್ವಾಮಿ ಅವರ ಹತ್ತಿರ ಇದೆ. ನಂಬಿಕೆ ಬಂದಾಗ ಮಾತ್ರ ಆಚೆ ತನ್ನಿ. ಸರ್‌ಗೆ ನನ್ನ ನಮಸ್ಕಾರ ಹೇಳಿ. ಅವರ ಕಣ್ಣಿನ ವಿಷಯ ನನ್ನಲ್ಲೇ ಉಳಿಯುತ್ತದೆ, ಅಜ್ಜಿಗೆ ಆ ಭಾಗ ಓದಿಲ್ಲ.

ರೂಪ


ಮದ್ದೂರು
8 ಡಿಸೆಂಬರ್ 2024

ರೂಪ,

ಹಳ್ಳದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರು ಬಿದ್ದದ್ದು ಎಮ್ಮೆಯಿಂದ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ. ಎಮ್ಮೆಗೆ ಬೇಜಾರಿಲ್ಲ.

ನಿನ್ನ ಕಾಗದ ಓದಿದ ದಿನ ಅವರ ಪಕ್ಕ ಹೋಗಿ ಕೂತು, ಅಂಗೈ ಮೇಲೆ ‘ತಪ್ಪು ತಿಳಿದೆ’ ಎಂದು ಬರೆದೆ. ಅವರು ಬೆರಳು ಮಡಿಸಿ ಆ ಬರಹವನ್ನು ಮುಷ್ಟಿಯೊಳಗೆ ಇಟ್ಟುಕೊಂಡರು.

ಹೊಸ ಆಪ್ ಬಂದು ಹತ್ತು ದಿನವಾದರೂ ನಾನು ಫೋನನ್ನು ಹೊಸಲು ದಾಟಿಸಲಿಲ್ಲ. ಒಳಗೇ ಆಡಿ ನೋಡುತ್ತಿದ್ದೆ. ಆಲು, ಅಗ್ಗ, ಓಗಿ, ಎಲ್ಲ ಬಂದವು. ಆದರೂ ಧೈರ್ಯವಿಲ್ಲ. ಹೊರಗೆ ನಿಂತು ಕೂಗುವಾಗ ಇನ್ನೊಂದು ಸಲ ಸುಮ್ಮನಾದರೆ ನಾನು ತಡೆದುಕೊಳ್ಳಲಾರೆ ಅನ್ನಿಸುತ್ತಿತ್ತು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಬೆಟ್ಟದ ಕಡೆಯಿಂದ ಮಂಜು ಇಳಿಯಿತು. ಅಂಥ ಮಂಜನ್ನು ನಾನು ನೋಡಿರಲಿಲ್ಲ. ಕೊಟ್ಟಿಗೆ ಇಲ್ಲ, ರಸ್ತೆ ಇಲ್ಲ, ಕಾಡಿಲ್ಲ. ಅಂಗಳದಲ್ಲಿ ನಿಂತರೆ ನನ್ನ ಕಾಲೇ ನನಗೆ ಮಸುಕು. ಒಳಗೆ ಬಂದು ನೋಡಿದರೆ ಅವರ ಹಾಸಿಗೆ ಖಾಲಿ, ಕೋಲೂ ಇಲ್ಲ. ಅವರಿಗೆ ಮಂಜೂ ಒಂದೇ ಬಿಸಿಲೂ ಒಂದೇ, ಕಾಲು ವಾಸಿಯಾದ ಮೇಲೆ ದಿನಾ ಹೋಗುವ ಹಾಗೆ ಹೋಗಿದ್ದರು. ಫೋನ್ ಹಿಡಿದು ಓಡಿದೆ. ಹೊಸಲು ದಾಟಿದ್ದು ನೆನಪಿಲ್ಲ. ಚೆಂಡು ಹೂವಿನ ಸಾಲುಗಳ ನಡುವೆ ನಿಂತುಕೊಂಡೆ. ಎಲ್ಲಿ ನೋಡಿದರೂ ಬಿಳಿ. ಕೋಲು ನೆಲಕ್ಕೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು, ಹಳ್ಳದ ದಿಕ್ಕಿನಿಂದ. ಆ ಹೊತ್ತಿನಲ್ಲಿ ನನಗೂ ಕಣ್ಣಿರಲಿಲ್ಲ ರೂಪ. ಅವರು ಇಷ್ಟು ದಿನ ಎಲ್ಲಿದ್ದರು ಎಂದು ನನಗೆ ಗೊತ್ತಾಯಿತು.

‘ಹಿಂದಕ್ಕೆ ಬನ್ನಿ’ ಎಂದು ಬರೆದೆ. ದನಿಯನ್ನು ಪೂರ್ತಿ ಏರಿಸಿ, ಕಣ್ಣು ಮುಚ್ಚಿಕೊಂಡು ಒತ್ತಿದೆ.

‘ಇಂದಕ್ಕ ಬನ್ನಿ.’

ಲಾರಿಯವರು ಬ್ರೇಕ್ ಹಾಕುತ್ತಿದ್ದ ಕಾಲದ ದನಿ. ಮಂಜಿನಲ್ಲಿ ಅದು ಎಷ್ಟು ದೂರ ಹೋಯಿತೋ. ಕೋಲಿನ ಸದ್ದು ನಿಂತಿತು. ಆಮೇಲೆ ಕೋಲು ಮತ್ತೆ ಸದ್ದು ಮಾಡಿತು, ಈ ಸಲ ಮನೆಯ ಕಡೆಗೆ, ನಾನಿದ್ದ ಕಡೆಗಲ್ಲ. ಎಂಟು ವರ್ಷ ನನ್ನ ದನಿ ಬಂದಿರುವುದು ನಡುಮನೆಯ ಆ ಮೂಲೆಯಿಂದ. ಕಣ್ಣು ಹೋದ ಮೇಲಂತೂ ಅವರ ಪಾಲಿಗೆ ನಾನು ಇರುವುದೇ ಅಲ್ಲಿ. ಅದಕ್ಕೇ ಅವರು ಅಲ್ಲಿಗೆ ಹೊರಟರು. ನಾನು ಇನ್ನೊಂದು ಸಲ ಒತ್ತಿದೆ. ಆಗ ಮಂಜಿನೊಳಗಿನಿಂದ ಅವರ ನೆರಳು ಮೂಡಿತು. ಮುಖವನ್ನು ಮನೆಯ ಕಡೆಯಿಂದ ನನ್ನ ಕಡೆಗೆ ತಿರುಗಿಸಿ, ಕತ್ತು ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು. ನಡೆಯುವುದನ್ನೇ ಮರೆತ ಹಾಗೆ ನಿಂತಿದ್ದರು.

‘ನಾಗು,’ ಎಂದರು. ‘ಈಚ್ಗ ಬಂದ್ಬುಟ್ಟ್ಯಾ?’

ಎರಡು ಸಲ ತಪ್ಪು ಅಕ್ಷರ ಒತ್ತಿದೆ. ಮೂರನೆಯ ಸಲಕ್ಕೆ ‘ಹೂಂ’ ಎಂದು ಸರಿಯಾಗಿ ಬಂತು.

‘ಊಂ,’ ಅಂದೆ.

ನಿನ್ನ ನಾಗರತ್ನಕ್ಕ